ಪ್ರೆಸ್ ಮೀಟಿನಲ್ಲಿ ಎರಡನೇ ಪ್ರಶ್ನೆ ಕೇಳಿದರೆ ತಪ್ಪಾ?

ಪ್ರಿಂಟರ್_ನವನಗರ
ಸೋಮವಾರ, ರಾತ್ರಿ 9:40

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಪತ್ರಕರ್ತ ಅಲ್ಲ. ನವನಗರದಲ್ಲಿ ನಂದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಚುನಾವಣೆ ಬಂದರೆ ಕರಪತ್ರ. ಹಿಂದೊಂದು ಚುನಾವಣೆಯಲ್ಲಿ ಕರಪತ್ರದ ಬಂಡಲ್ ಕೊಡಲು ಒಂದು ಹೋಟೆಲಿಗೆ ಹೋಗಿದ್ದೆ. ಒಳಗೆ ಅಭ್ಯರ್ಥಿಯ ಪ್ರೆಸ್ ಮೀಟ್ ನಡೆದಿತ್ತು. ಯಾವ ಚುನಾವಣೆ, ಯಾವ ಪಕ್ಷ ಅಂತ ಕೇಳಬೇಡಿ. ಅವರ ಬಿಲ್ ಇನ್ನೂ ಬಾಕಿ ಇದೆ.

ಅಭ್ಯರ್ಥಿ ಅರ್ಧ ತಾಸು ಮಾತಾಡಿದರು. ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರಿಗೆ ನ್ಯಾಯ ಕೊಡಿಸುತ್ತೇನೆ ಅಂದರು. ಟೇಬಲ್ ಮೇಲೆ ಏಳೆಂಟು ಚಾನೆಲ್ ಲೋಗೊ ಸಾಲಾಗಿದ್ದವು. ಎಲ್ಲರೂ ಬರೆದುಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ.

‘ಸರ್, ಹೋದ ಸಲವೂ ಇದನ್ನೇ ಹೇಳಿದ್ದಿರಿ. ನಿಮ್ಮ ಅವಧಿಯಲ್ಲಿ ಎಷ್ಟು ಸಂತ್ರಸ್ತರಿಗೆ ಹಕ್ಕುಪತ್ರ ಸಿಕ್ಕಿತು?’

‘ಹಂತ ಹಂತವಾಗಿ ಕೊಡ್ತಾ ಇದ್ದೇವೆ.’

‘ಹಂತ ಗೊತ್ತು ಸರ್. ಎಷ್ಟು ಜನ?’

‘ತಮ್ಮಾ, ನೀ ಯಾವ ಪೇಪರಿನವ?’

ಎಲ್ಲರೂ ನಕ್ಕರು. ಪತ್ರಕರ್ತರೂ ನಕ್ಕರು. ಹುಡುಗ ಕೂತುಬಿಟ್ಟ. ‘ಊಟಕ್ಕ ಏಳ್ರಿ’ ಅಂದರು, ಎಲ್ಲರೂ ಎದ್ದರು. ಮರುದಿನ ಪೇಪರಿನಲ್ಲಿ ಸಂತ್ರಸ್ತರಿಗೆ ನ್ಯಾಯ ಕೊಡಿಸುವ ಭರವಸೆ ಅಂತ ಮೂರು ಕಾಲಂ ಬಂತು. ‘ಎಷ್ಟು ಜನ’ ಅನ್ನುವ ಮಾತು ಎಲ್ಲೂ ಇರಲಿಲ್ಲ.

ಇದು ನನಗೆ ಯಾಕೆ ಕೊರೆಯುತ್ತಿದೆ ಅಂದರೆ, ನಾನು ಒಂದು ಕರಪತ್ರ ಹೊಡೆದರೂ ಅದರ ಕೆಳಗೆ ಮುದ್ರಕರ ಹೆಸರು, ವಿಳಾಸ, ಪ್ರಕಾಶಕರ ಹೆಸರು ಇರಲೇಬೇಕು. ಜನಪ್ರತಿನಿಧಿ ಕಾಯ್ದೆಯ 127ಎ ಕಲಂ. ಇಲ್ಲದಿದ್ದರೆ ನನಗೆ ಜೈಲು. ಕಾಗದ ಎಲ್ಲಿಂದ ಬಂತು ಅಂತ ಕಾನೂನು ಕೇಳುತ್ತದೆ. ಕಾಗದದ ಮೇಲೆ ಬರೆದದ್ದು ಖರೇನಾ ಅಂತ ಕೇಳುವವರು ಮಾತ್ರ ಯಾರೂ ಇಲ್ಲ.

ಬೀಳಗಿಯ ನಮ್ಮ ಸೋದರಮಾವನಿಗೆ ಇದನ್ನು ಹೇಳಿದೆ. ‘ನಾಕು ಮಂದಿ ಮುಂದ ಹಂಗ ಕೇಳಬಾರದೋ, ಹಿರೇ ಮನಷ್ಯಾನ ಮರ್ಯಾದಿ ಏನಾಗಬೇಕು?’ ಅಂದರು. ನಿಮಗೆ ಏನನ್ನಿಸುತ್ತದೆ?


ಚಹಾ_ಚುರುಮುರಿ
ಸೋಮವಾರ, ರಾತ್ರಿ 9:52

ಊಟಕ್ಕೆ ಏನಿತ್ತು?


ಪ್ರಿಂಟರ್_ನವನಗರ
ಸೋಮವಾರ, ರಾತ್ರಿ 9:55

ಎಣ್ಣೆಗಾಯಿ, ಖಡಕ್ ರೊಟ್ಟಿ, ಹೋಳಿಗೆ. ಊಟ ಭಾಳ ಚೊಲೊ ಇತ್ತು. ಸಮಸ್ಯೆ ಅದೇ.


ನಿವೃತ್ತ_ಮಾಸ್ತರ_ಜಮಖಂಡಿ
ಸೋಮವಾರ, ರಾತ್ರಿ 10:30

ನಿಮ್ಮ ಸೋದರಮಾವ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ, ತಮ್ಮಾ. ಆದರೆ ನನ್ನ ಕಾರಣ ಬೇರೆ.

1991ರ ಲೋಕಸಭೆ ಚುನಾವಣೆ ನನಗೆ ಚೆನ್ನಾಗಿ ನೆನಪಿದೆ. ಬಾಗಲಕೋಟೆಗೆ ರಾಮಕೃಷ್ಣ ಹೆಗಡೆ ಬಂದು ನಿಂತರು. ಮುಖ್ಯಮಂತ್ರಿ ಆಗಿದ್ದವರು. ಪತ್ರಕರ್ತರ ಜೊತೆ ಅವರಷ್ಟು ಸಲೀಸಾಗಿ, ನಗುತ್ತಾ ಮಾತಾಡುವ ರಾಜಕಾರಣಿ ಆಗ ರಾಜ್ಯದಲ್ಲೇ ಕಡಿಮೆ. ಎದುರಿಗೆ ನಮ್ಮೂರ ಸಿದ್ದು ನ್ಯಾಮಗೌಡ. ದೊಡ್ಡ ಭಾಷಣಕಾರ ಅಲ್ಲ. ಆದರೆ 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ರೈತರೇ ಚಂದಾ ಹಾಕಿ ಬ್ಯಾರೇಜ್ ಕಟ್ಟಿದಾಗ ಮುಂದೆ ನಿಂತವರು. ಸರ್ಕಾರದ ದಾರಿ ಕಾಯಲಿಲ್ಲ. ನಾನೂ ಒಂದು ರವಿವಾರ ಕಲ್ಲು ಹೊತ್ತಿದ್ದೇನೆ, ಬೆನ್ನು ಇನ್ನೂ ನೆನಪಿಸುತ್ತದೆ.

ಗೆದ್ದವರು ಯಾರು? ಬ್ಯಾರೇಜ್ ಸಿದ್ದು. ದಿಲ್ಲಿಗೆ ಹೋಗಿ ಮಂತ್ರಿಯೂ ಆದರು. ಆ ಚುನಾವಣೆಯಲ್ಲಿ ಜನ ಯಾವ ಸಂದರ್ಶನ ನೋಡಿ ಮತ ಹಾಕಿದರು? ಹೊಳೆಯಲ್ಲಿ ನಿಂತ ನೀರು ನೋಡಿ ಹಾಕಿದರು. ಮಾತಿನ ಪರೀಕ್ಷೆ ಇಟ್ಟರೆ ಮಾತುಗಾರ ಪಾಸಾಗುತ್ತಾನೆ. ಕೆಲಸಗಾರ ಬೆವರು ಒರೆಸಿಕೊಳ್ಳುತ್ತಾ ನಿಲ್ಲುತ್ತಾನೆ.


ಗುಮ್ಮಟದ_ನೆರಳು
ಸೋಮವಾರ, ರಾತ್ರಿ 10:48

ಮಾಸ್ತರ, ನಿಮ್ಮ ಉದಾಹರಣೆಗೆ ಕೈ ಮುಗಿದೆ. ಆದರೆ ಅದು ನಮ್ಮ ಕಡೆಗೇ ವಾಲುತ್ತದೆ. ಬ್ಯಾರೇಜ್ ಕಣ್ಣಿಗೆ ಕಾಣುತ್ತದೆ, ಹೋಗಿ ನೋಡಿಬರಬಹುದು. ಎಲ್ಲ ಅಭ್ಯರ್ಥಿಯೂ ಬ್ಯಾರೇಜ್ ಕಟ್ಟಿ ಬರುವುದಿಲ್ಲವಲ್ಲ. ಉಳಿದವರನ್ನು ಏನು ನೋಡಿ ಆರಿಸೋಣ?

ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ದನದ ಪ್ಯಾಟಿ ಕೂಡುತ್ತದೆ. ನಮ್ಮಪ್ಪ ಒಂದು ಎತ್ತು ಕೊಳ್ಳಲು ಎರಡು ದಿನ ಅಲೆಯುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಸುಳಿ ನೋಡುತ್ತಿದ್ದರು. ನಡೆಸಿ ನೋಡುತ್ತಿದ್ದರು. ಮಾರುವವನು ‘ಭಾಳ ಸಾಧು ಅದ’ ಅಂದರೆ ಬಾಲ ತಿರುವಿ ನೋಡುತ್ತಿದ್ದರು. ಎತ್ತಿಗೆ ಅವಮಾನ ಆಯಿತು ಅಂತ ಯಾರೂ ಹೇಳಲಿಲ್ಲ.

ಇನ್ನು ಅದೇ ಪ್ಯಾಟಿಯಲ್ಲಿ ದಲ್ಲಾಳಿಗಳು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ರೇಟು ಕುದುರಿಸುವುದೂ ಇದೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ನಿಮ್ಮ ಹೋಟೆಲಿನ ಪ್ರೆಸ್ ಮೀಟ್ ಕಥೆ ಓದಿದಾಗ ನನಗೆ ಆ ಟವೆಲ್ ನೆನಪಾಯಿತು. ತಪ್ಪು ತಿಳಿಯಬೇಡಿ.


ಕಾರ್ಯಕರ್ತ_ಮುಧೋಳ
ಸೋಮವಾರ, ರಾತ್ರಿ 11:15

ಇಲ್ಲಿ ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಇಪ್ಪತ್ತು ವರ್ಷ ಪಕ್ಷಕ್ಕೆ ದುಡಿದಿದ್ದೇನೆ, ಇನ್ನೊಂದು ಮಗ್ಗುಲೂ ಕೇಳಿ.

ಅಭ್ಯರ್ಥಿ ಜನರ ಮುಂದೆ ದಿನಕ್ಕೆ ಹದಿನೈದು ಹಳ್ಳಿ ತಿರುಗುತ್ತಾನೆ. ಅಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಬೈಯುತ್ತಾರೆ. ಅದಕ್ಕಿಂತ ಗಟ್ಟಿ ಪ್ರಶ್ನೆ ಯಾವುದು? ಪತ್ರಕರ್ತರನ್ನು ಯಾರು ಆರಿಸಿದ್ದಾರೆ? ಟಿವಿಯವರಂತೂ ತೀರ್ಪು ಬರೆದುಕೊಂಡು ಬಂದೇ ಪ್ರಶ್ನೆ ಕೇಳುತ್ತಾರೆ. ಅರ್ಧ ತಾಸು ಮಾತಾಡಿದರೆ ತಡವರಿಸಿದ ಹದಿನೈದು ಸೆಕೆಂಡು ಕತ್ತರಿಸಿ ಇಡೀ ದಿನ ತೋರಿಸುತ್ತಾರೆ. ಒಬ್ಬ ಅಭ್ಯರ್ಥಿಗೆ ಗಟ್ಟಿ ಪ್ರಶ್ನೆ, ಇನ್ನೊಬ್ಬನಿಗೆ ‘ನಿಮ್ಮ ಇಷ್ಟದ ತಿಂಡಿ ಯಾವುದು’. ಇದಕ್ಕೆ ಕೂರಬೇಕಾ? ನಾನಾಗಿದ್ದರೆ ಕೂರುತ್ತಿರಲಿಲ್ಲ.


ಪ್ರಿಂಟರ್_ನವನಗರ
ಸೋಮವಾರ, ರಾತ್ರಿ 11:24

ಅಣ್ಣಾ, ಕತ್ತರಿಸುವ ಮಾತು ಒಪ್ಪಿದೆ. ಅದಕ್ಕೆ ಒಂದು ಮೊಬೈಲ್ ಸಾಕು. ನೀವೂ ಪೂರ್ತಿ ರೆಕಾರ್ಡ್ ಮಾಡಿ, ಕತ್ತರಿಸದೆ ಹಾಕಿ. ಆಮೇಲೆ ಯಾರು ಏನು ಕತ್ತರಿಸಿದರು ಅಂತ ಜನರೇ ನೋಡುತ್ತಾರೆ. ನಾನು ನೋಡಿದ ಪ್ರೆಸ್ ಮೀಟಿನಲ್ಲಿ ರೆಕಾರ್ಡ್ ಮಾಡಲು ಪಕ್ಷದ ನಾಲ್ಕು ಹುಡುಗರಿದ್ದರು. ಭಾಷಣ ಪೂರ್ತಿ ಹಾಕಿದರು. ಆ ಹುಡುಗನ ಪ್ರಶ್ನೆ ಹಾಕಲಿಲ್ಲ.


ಹಳೇ_ಸ್ಟ್ರಿಂಗರ್
ಮಂಗಳವಾರ, ಬೆಳಿಗ್ಗೆ 6:20

ರಾತ್ರಿಯೆಲ್ಲ ಈ ಚರ್ಚೆ ಓದಿದೆ. ನಾನೂ ಆ ಹುಡುಗನ ಕುರ್ಚಿಯಲ್ಲಿ ಕೂತವನು. ಬೇರೆ ಊರು, ಬೇರೆ ಹೋಟೆಲು. ಹನ್ನೊಂದು ವರ್ಷ ತಾಲೂಕು ವರದಿಗಾರ ಆಗಿದ್ದೆ. ಈಗ ಗೊಬ್ಬರದ ಅಂಗಡಿ ಇಟ್ಟಿದ್ದೇನೆ.

ಪತ್ರಕರ್ತರು ಯಾಕೆ ಕೇಳುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ತಾಲೂಕಿನ ವರದಿಗಾರನಿಗೆ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ನನಗೆ ಸಂಬಳ ಅಂತ ಇರಲೇ ಇಲ್ಲ. ಗೌರವಧನ ಅಂತ ಸ್ವಲ್ಪ ಬರುತ್ತಿತ್ತು, ಅದು ಗಾಡಿಯ ಪೆಟ್ರೋಲಿಗೆ ಸಾಲುತ್ತಿರಲಿಲ್ಲ. ನಿಜವಾದ ದುಡ್ಡು ಜಾಹೀರಾತಿನ ಕಮಿಷನ್. ದೀಪಾವಳಿ ವಿಶೇಷಾಂಕ, ಊರ ಜಾತ್ರೆ, ನಾಯಕರ ಹುಟ್ಟುಹಬ್ಬ, ಎಲ್ಲಕ್ಕೂ ಜಾಹೀರಾತು ತರಬೇಕು. ಟಾರ್ಗೆಟ್ ಇರುತ್ತದೆ. ತಾಲೂಕಿನಲ್ಲಿ ಜಾಹೀರಾತು ಕೊಡುವಷ್ಟು ದುಡ್ಡು ಯಾರ ಹತ್ತಿರ ಇದೆ? ಅದೇ ಅಭ್ಯರ್ಥಿ, ಅದೇ ಕಾರ್ಖಾನೆಯವರು, ಅದೇ ಗುತ್ತಿಗೆದಾರ. ಬೆಳಿಗ್ಗೆ ಅವರ ಮನೆ ಕಟ್ಟೆ ಮೇಲೆ ಕಾದು ಕೂತವನು ಮಧ್ಯಾಹ್ನ ಅವರಿಗೆ ‘ಎಷ್ಟು ಜನ’ ಅಂತ ಹೇಗೆ ಕೇಳುತ್ತಾನೆ?

ಒಂದು ಸಲ ಕೇಳಿದೆ. ಒಂದು ರಸ್ತೆ ಕಾಮಗಾರಿ. ಎರಡೇ ಮಳೆಗೆ ಡಾಂಬರು ಎದ್ದಿತ್ತು. ನಾನು ಎರಡು ಸಲ ಕೇಳಿದೆ, ಅವರು ಎರಡು ಸಲವೂ ಮಳೆ ಜಾಸ್ತಿ ಆಯ್ತು ಅಂದರು. ಮೂರನೇ ಸಲ ಬಾಯಿ ತೆರೆಯುವ ಮುಂಚೆ ಪಕ್ಕದವನು ‘ಸರ್, ಗೆಲುವಿನ ವಿಶ್ವಾಸ ಹೇಗಿದೆ?’ ಅಂತ ಕೇಳಿಬಿಟ್ಟ. ಸಂಜೆ ಆಫೀಸಿನಿಂದ ಫೋನ್ ಬಂತು. ಬೈಯಲಿಲ್ಲ. ‘ಅವರ ಅರ್ಧ ಪುಟ ಕ್ಯಾನ್ಸಲ್ ಆಯ್ತಲ್ರೀ’ ಅಂದರು, ಅಷ್ಟೇ. ಆ ಅರ್ಧ ಪುಟದ ಕಮಿಷನ್ ಅಂದರೆ ನಮ್ಮ ಮನೆಯ ಎರಡು ತಿಂಗಳ ಸಂತೆ. ಮುಂದಿನ ಪ್ರೆಸ್ ಮೀಟಿನಲ್ಲಿ ‘ಗೆಲುವಿನ ವಿಶ್ವಾಸ ಹೇಗಿದೆ’ ಅಂತ ಕೇಳಿದವನು ನಾನು.

ಚುನಾವಣೆ ಹೊತ್ತಿನಲ್ಲಿ ಪ್ಯಾಕೇಜ್ ಅಂತ ಇನ್ನೊಂದು ಇದೆ. ಇಷ್ಟು ದುಡ್ಡಿಗೆ ಇಷ್ಟು ಸುದ್ದಿ, ಇಷ್ಟು ಫೋಟೊ. ಚುನಾವಣಾ ಆಯೋಗ ಇದಕ್ಕೆ ‘ಕಾಸಿಗಾಗಿ ಸುದ್ದಿ’ ಅಂತ ಹೆಸರಿಟ್ಟಿದೆ. ಪ್ರತಿ ಜಿಲ್ಲೆಯಲ್ಲೂ ನಿಗಾ ಇಡಲು ಎಂಸಿಎಂಸಿ ಸಮಿತಿ ಇರುತ್ತದೆ. ಸಿಕ್ಕಿಬಿದ್ದರೆ ಅದರ ಖರ್ಚನ್ನು ಅಭ್ಯರ್ಥಿಯ ಲೆಕ್ಕಕ್ಕೆ ಹಾಕುತ್ತಾರೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ ಇದೆಯಲ್ಲ, ಅದರೊಳಗೆ. ಆದರೆ ದುಡ್ಡು ಕೊಟ್ಟು ಬರೆಸಿದ್ದನ್ನು ಹಿಡಿಯಬಹುದು. ದುಡ್ಡಿಗಾಗಿ ಕೇಳದೇ ಬಿಟ್ಟ ಪ್ರಶ್ನೆಯನ್ನು ಯಾವ ಸಮಿತಿ ಹಿಡಿಯುತ್ತದೆ? ಅದು ಪೇಪರಿನಲ್ಲಿ ಬಂದೇ ಇರುವುದಿಲ್ಲ.

ಪ್ರಿಂಟರ್ ಅಣ್ಣಾ, ನಿಮ್ಮ ಕಥೆಯಲ್ಲಿ ನನಗೆ ಸಿಟ್ಟು ಬಂದದ್ದು ಅಭ್ಯರ್ಥಿಯ ಮೇಲಲ್ಲ. ಜಾರಿಕೊಳ್ಳುವುದು ಅವರ ಕಸುಬು. ಸಿಟ್ಟು ಬಂದದ್ದು ನಕ್ಕ ಪತ್ರಕರ್ತರ ಮೇಲೆ. ಆ ಹುಡುಗ ಕೂತ ಮೇಲೆ ಮುಂದಿನ ಸಾಲಿನವನೊಬ್ಬ ಎದ್ದು ‘ಸರ್, ಅವನ ಪ್ರಶ್ನೆಗೆ ಉತ್ತರ ಕೊಡಿ’ ಅಂದಿದ್ದರೆ ಸಾಕಿತ್ತು. ಅದಕ್ಕೆ ಧೈರ್ಯವೂ ಜಾಸ್ತಿ ಬೇಕಿಲ್ಲ. ಒಬ್ಬನ ಜಾಹೀರಾತು ಕ್ಯಾನ್ಸಲ್ ಮಾಡಬಹುದು, ಎಂಟು ಪೇಪರಿನದ್ದು ಮಾಡಲಾಗುವುದಿಲ್ಲ.


ಮುದ್ದೇಬಿಹಾಳ_ಟು_ಬೆಂಗಳೂರು
ಮಂಗಳವಾರ, ಬೆಳಿಗ್ಗೆ 8:05

ಸ್ಟ್ರಿಂಗರ್ ಅಣ್ಣಾ, ನೀವು ಬರೆದದ್ದು ಓದಿ ಸುಮ್ನೆ ಕೂತುಬಿಟ್ಟೆ.

ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದ್ದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಪ್ರಸಿದ್ಧ. 1997ರ ಮೇ ತಿಂಗಳು, ಬಿಬಿಸಿಯಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಎಂಬ ಪತ್ರಕರ್ತ. ಎದುರಿಗೆ ಮೈಕೆಲ್ ಹೊವಾರ್ಡ್, ಸ್ವಲ್ಪ ದಿನದ ಹಿಂದಷ್ಟೇ ಗೃಹ ಮಂತ್ರಿ ಆಗಿದ್ದವರು, ಪಕ್ಷದ ನಾಯಕನ ಸ್ಥಾನಕ್ಕೆ ಸ್ಪರ್ಧಿ. ಜೈಲು ಇಲಾಖೆ ಮುಖ್ಯಸ್ಥರ ನಿರ್ಧಾರ ತಳ್ಳಿಹಾಕುತ್ತೇನೆ ಅಂತ ಬೆದರಿಸಿದ್ದಿರಾ, ಹೌದಾ ಇಲ್ವಾ? ಹನ್ನೆರಡು ಸಲ ಕೇಳಿದ ಅಂತ ಲೆಕ್ಕ. ಆತ ಕಿರುಚಲಿಲ್ಲ. ಹೊವಾರ್ಡ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಮಾಷೆ ಅಂದರೆ, ಮುಂದಿನ ಸುದ್ದಿ ತಯಾರಿರಲಿಲ್ಲ, ಹೊತ್ತು ಕಳೆಯಬೇಕಿತ್ತು ಅಂತ ಆಮೇಲೆ ಪ್ಯಾಕ್ಸ್‌ಮನ್ನೇ ಹೇಳಿಕೊಂಡ.

ನಮ್ಮ ದೇಶದಲ್ಲಿ 2007ರ ಸಂದರ್ಶನ ಎಲ್ಲರಿಗೂ ಗೊತ್ತು. ಕರಣ್ ಥಾಪರ್ ಗುಜರಾತ್ ಗಲಭೆ ಬಗ್ಗೆ ಕೇಳಿದರು. ಆಗಿನ ಗುಜರಾತ್ ಮುಖ್ಯಮಂತ್ರಿ ಮೋದಿ ನೀರು ಕೇಳಿದರು, ಕುಡಿದರು, ಮೈಕ್ ತೆಗೆದು ಎದ್ದರು.


ಕಾರ್ಯಕರ್ತ_ಮುಧೋಳ
ಮಂಗಳವಾರ, ಬೆಳಿಗ್ಗೆ 8:20

ಎದ್ದು ಹೋದರು. ಆಮೇಲೆ ಅದೇ ವರ್ಷ ಗುಜರಾತ್ ಗೆದ್ದರು, 2014ರಲ್ಲಿ ದೇಶವನ್ನೇ ಗೆದ್ದರು. 2014ರ ಜನವರಿಯಲ್ಲಿ ರಾಹುಲ್ ಗಾಂಧಿ ಟಿವಿ ಪತ್ರಕರ್ತ ಅರ್ನಬ್ ಗೋಸ್ವಾಮಿ ಮುಂದೆ ಒಂದು ತಾಸಿಗೂ ಹೆಚ್ಚು ಹೊತ್ತು ಕೂತರು. ಏಳಲಿಲ್ಲ. ಸಿಕ್ಕಿದ್ದು ಟೀಕೆ. ಹಾಗಾದರೆ ಅಭ್ಯರ್ಥಿ ಕಲಿಯುವ ಪಾಠ ಏನು, ನೀವೇ ಹೇಳಿ.


ಗುಮ್ಮಟದ_ನೆರಳು
ಮಂಗಳವಾರ, ಬೆಳಿಗ್ಗೆ 8:41

ಕೂತವರಿಗೆ ಬೈಗುಳ, ಎದ್ದವರಿಗೆ ಹಾರ ಹಾಕಿದವರು ನಾವೇ ಅಲ್ವಾ. ಅದನ್ನು ಪತ್ರಕರ್ತರ ತಲೆಗೆ ಯಾಕೆ ಕಟ್ಟುತ್ತೀರಿ? ಮತಗಳು ಎಣಿಕೆ ಆಗುವುದಕ್ಕೂ ಉತ್ತರ ಸಿಗುವುದಕ್ಕೂ ಸಂಬಂಧ ಇಲ್ಲ. ಗೆದ್ದ ಮಾತ್ರಕ್ಕೆ ಪ್ರಶ್ನೆ ತಪ್ಪಾಗಿತ್ತು ಅಂತ ಆಗುವುದಿಲ್ಲ.


ಮಾಡರೇಟರ್
ಮಂಗಳವಾರ, ಬೆಳಿಗ್ಗೆ 9:10

ನಡುವೆ ಬಂದ ಆರು ಕಾಮೆಂಟ್ ತೆಗೆದಿದ್ದೇನೆ. ಪಕ್ಷದ ಜಗಳ ಇಲ್ಲಿ ಬೇಡ, ಅದಕ್ಕೆ ವಾಟ್ಸಾಪ್ ಗ್ರೂಪುಗಳು ಬೇಕಾದಷ್ಟಿವೆ.


ಕಬ್ಬಿನ_ಬಿಲ್
ಮಂಗಳವಾರ, ಮಧ್ಯಾಹ್ನ 1:30

ನಾನು ಮೂಡಲಗಿ ತಾಲೂಕಿನ ರೈತ. ನಾಲ್ಕು ಎಕರೆ ಕಬ್ಬು. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕೂತವರಲ್ಲಿ ಒಬ್ಬ. ಟನ್ನಿಗೆ 3,500 ಕೇಳಿದೆವು, ಕೊನೆಗೆ 3,300ಕ್ಕೆ ಬಂದು ನಿಂತಿತು.

ಗಟ್ಟಿ ಪ್ರಶ್ನೆ ಅಂದರೆ ಟಿವಿಯಲ್ಲಿ ಬೆರಳು ತೋರಿಸಿ ಕೂಗುವುದು ಅಂತ ಸುಮಾರು ಜನ ತಿಳಿದಿದ್ದಾರೆ. ಆ ಪ್ರತಿಭಟನೆ ಹೊತ್ತಿನಲ್ಲಿ ಎಷ್ಟೊಂದು ಕ್ಯಾಮೆರಾ ಬಂದವು. ‘ರೈತರು ಬೀದಿಯಲ್ಲಿದ್ದಾರೆ, ನಿಮಗೆ ನಾಚಿಕೆ ಆಗಲ್ವಾ’ ಅಂತ ಸ್ಟುಡಿಯೊದಲ್ಲಿ ಕೂಗಿದರು. ಇದು ಕೇಳಲು ಬಿಸಿ ಇರುತ್ತದೆ. ಆದರೆ ಉತ್ತರ ಕೊಡುವವರಿಗೆ ಇದರಷ್ಟು ಸುಲಭ ಯಾವುದೂ ಇಲ್ಲ. ‘ನಾನೂ ರೈತನ ಮಗ, ನನಗೂ ನೋವಾಗಿದೆ’ ಅಂದರೆ ಮುಗಿಯಿತು.

ನಮ್ಮ ಕಡೆ ಚುನಾವಣೆಗೆ ನಿಲ್ಲುವವರಲ್ಲಿ ಸಕ್ಕರೆ ಕಾರ್ಖಾನೆ ಇದ್ದವರು ಎಷ್ಟು ಜನ ಅಂತ ಬೆಳಗಾವಿ, ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಒಂದು ಪಕ್ಷ ಅಂತಲ್ಲ, ಎಲ್ಲದರಲ್ಲೂ ಇದ್ದಾರೆ. ಅವರಿಗೆ ನಾನು ಕೇಳಬೇಕು ಅಂದುಕೊಂಡದ್ದು ಇಷ್ಟು.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಸರ್, ಹೋದ ಹಂಗಾಮಿನಲ್ಲಿ ನಿಮ್ಮ ಕಾರ್ಖಾನೆ ಎಷ್ಟನೇ ದಿನಕ್ಕೆ ಬಿಲ್ ಕೊಟ್ಟಿತು? ತಡವಾದ ಬಿಲ್ಲಿಗೆ ಬಡ್ಡಿ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಒಬ್ಬ ರೈತನ ಖಾತೆ ತೋರಿಸಿ.

ಇನ್ನೊಂದು. 2025-26ಕ್ಕೆ ಕೇಂದ್ರ ಹೇಳಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355, ಅಂದರೆ ಟನ್ನಿಗೆ 3,550. ಪೇಪರಿನಲ್ಲಿ ಇದನ್ನು ಓದಿದ ಪಟ್ಟಣದವರು ‘ಮತ್ತೇನು ಬೇಕು ಇವರಿಗೆ’ ಅಂತಾರೆ. ಆ ರೇಟು ಶೇ 10.25 ರಿಕವರಿಗೆ, ಅಂದರೆ ಕಬ್ಬಿನಿಂದ ಅಷ್ಟು ಸಕ್ಕರೆ ಇಳಿದರೆ. ಅದರಲ್ಲೇ ಕಟಾವು, ಸಾಗಣೆ ಮುರಿದುಕೊಳ್ಳುತ್ತಾರೆ. ಹಾಗಾಗಿ ಪ್ರಶ್ನೆ: ಸರ್, ನಿಮ್ಮ ಕಾರ್ಖಾನೆ ಟನ್ನಿಗೆ ಕಟಾವು, ಸಾಗಣೆ ಅಂತ ಎಷ್ಟು ಮುರಿಯುತ್ತದೆ? ಪಕ್ಕದ ಕಾರ್ಖಾನೆ ಎಷ್ಟು ಮುರಿಯುತ್ತದೆ? ವ್ಯತ್ಯಾಸ ಯಾಕೆ? ನಮ್ಮ ಕಬ್ಬಿನ ರಿಕವರಿ ತೆಗೆದವರು ಯಾರು, ರೈತರ ಕಡೆಯವರು ಒಬ್ಬರಾದರೂ ಪಕ್ಕದಲ್ಲಿದ್ದರಾ? ತೂಕದ ಮನೆ ಹೊರಗೆ ನಮ್ಮದೇ ತೂಕ ಮಾಡಿಸಿಕೊಂಡು ಬಂದರೆ ಒಪ್ಪುತ್ತೀರಾ?

ಇದರಲ್ಲಿ ಒಂದೂ ಬೈಗುಳ ಇಲ್ಲ ನೋಡಿ. ‘ಸರ್’ ಅಂತಲೇ ಕೇಳಿದ್ದೇನೆ. ‘ರೈತನ ಮಗ’ ಅನ್ನುವ ಉತ್ತರ ಇಲ್ಲಿ ಕೂರುವುದಿಲ್ಲ. ನಂಬರೇ ಹೇಳಬೇಕು. ಪ್ರಿಂಟರ್ ಅಣ್ಣನ ಹುಡುಗ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ, ಅದಕ್ಕೇ ಅವರಿಗೆ ಅಷ್ಟು ಚುಚ್ಚಿದ್ದು.

ಬೀಳಗಿ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಮರ್ಯಾದೆ ಕೆಡದ ಹಾಗೆ ಕೇಳಬಹುದು.


ನಿವೃತ್ತ_ಮಾಸ್ತರ_ಜಮಖಂಡಿ
ಮಂಗಳವಾರ, ಮಧ್ಯಾಹ್ನ 2:15

ಕಬ್ಬಿನವರೇ, ನಿಮ್ಮ ಪ್ರಶ್ನೆಗಳಿಗೆ ಮಾತುಗಾರ ಪಾಸಾಗಲಾರ. ನಾನು ನಿನ್ನೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿಕೊಂಡೆ. ಪ್ರಶ್ನೆಪತ್ರಿಕೆ ತೆಗೆಯುವುದೂ ಒಂದು ವಿದ್ಯೆ. ಪ್ರಬಂಧ ಬರೆಯಿರಿ ಅಂದರೆ ಓದದ ಹುಡುಗನೂ ಎರಡು ಪುಟ ತುಂಬಿಸುತ್ತಾನೆ. ಲೆಕ್ಕ ಕೊಟ್ಟರೆ ಗೊತ್ತಾಗುತ್ತದೆ.


ಹುನಗುಂದದಾಕೆ
ಮಂಗಳವಾರ, ಸಂಜೆ 6:45

ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ. ನಾನು ನಿಂತವಳು, ನನ್ನದೂ ಕೇಳಿ.

ನಮ್ಮ ರಾಜ್ಯದಲ್ಲಿ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಹಾಗೆ ನಮ್ಮ ಊರಿನ ಸೀಟು ಬಂದಾಗ ನಾನು ನಿಂತೆ. ಸ್ವಸಹಾಯ ಸಂಘ ನಡೆಸಿದ ಅನುಭವ ಇತ್ತು. ಕೂಲಿ ಕೆಲಸದ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಹೇಗೆ ತೆಗೆಯುತ್ತಾರೆ, ಯಾರ ಹೆಸರಿನಲ್ಲಿ ಯಾರು ದುಡ್ಡು ಎತ್ತುತ್ತಾರೆ, ಎಲ್ಲ ಗೊತ್ತಿತ್ತು.

ಒಂದು ಯೂಟ್ಯೂಬ್ ಚಾನೆಲಿನವನು ಮೈಕ್ ಹಿಡಿದು ಬಂದ. ಮೊದಲ ಪ್ರಶ್ನೆ: ‘ನರೇಗಾ ಅಂದರೆ ಪೂರ್ತಿ ಹೆಸರೇನು ಹೇಳ್ರಿ, ಇಂಗ್ಲಿಷಿನಲ್ಲಿ.’ ನನಗೆ ಬರಲಿಲ್ಲ. ಎರಡನೇ ಪ್ರಶ್ನೆ: ‘ನೀವು ಗೆದ್ದರೆ ಕೆಲಸ ಮಾಡೋರು ನೀವಾ, ನಿಮ್ಮ ಯಜಮಾನರಾ?’ ಹಿಂದೆ ನಿಂತವರು ನಕ್ಕರು. ಆ ವಿಡಿಯೊ ಸಂಜೆಗೆ ಊರ ಎಲ್ಲ ಫೋನಿನಲ್ಲಿತ್ತು. ನನ್ನ ಮಗಳು ಶಾಲೆಯಿಂದ ಅಳುತ್ತಾ ಬಂದಳು.

ಅದೇ ದಿನ ಅವನು ಎದುರು ಮನೆಯ ಹಳೇ ಮೆಂಬರ್ ಹತ್ತಿರವೂ ಹೋದ. ಅವರ ಅವಧಿಯಲ್ಲಿ ಒಂದೇ ಚರಂಡಿಗೆ ಎರಡು ಸಲ ಬಿಲ್ ಆಗಿತ್ತು, ಊರಿಗೆಲ್ಲ ಗೊತ್ತು. ಅವರಿಗೆ ಕೇಳಿದ್ದು: ‘ಅಣ್ಣಾರ, ಈ ಸಲ ಲೀಡ್ ಎಷ್ಟು?’

ಹೀಗಿರುವಾಗ ಗಟ್ಟಿ ಪ್ರಶ್ನೆ ಬೇಕು ಅಂತ ನೀವು ಸುಮ್ನೆ ಹೇಳಿದರೆ ನನಗೆ ಹೆದರಿಕೆ ಆಗುತ್ತದೆ. ಗಟ್ಟಿ ಪ್ರಶ್ನೆ ಯಾವಾಗಲೂ ಇಳಿಜಾರಿನ ಕಡೆ ಹರಿಯುತ್ತದೆ. ಹೊಸಬರಿಗೆ, ಬಡವರಿಗೆ, ಹೆಣ್ಣುಮಕ್ಕಳಿಗೆ, ಹಿಂದೆ ಯಾರೂ ಇಲ್ಲದವರಿಗೆ. ಏರಿನ ಮೇಲೆ ಕೂತವರಿಗೆ ಹೂವಿನ ಹಾರ.

ನನ್ನನ್ನು ಕೇಳಲೇಬಾರದು ಅಂತಲ್ಲ. ‘ಎರಡು ಸಲ ಬಿಲ್ ಆದ ಚರಂಡಿ ಬಗ್ಗೆ ನೀವು ಏನು ಮಾಡುತ್ತೀರಿ’ ಅಂತ ಕೇಳಿದ್ದರೆ ಹತ್ತು ನಿಮಿಷ ಮಾತಾಡುತ್ತಿದ್ದೆ. ಅದನ್ನು ಯಾರೂ ಕೇಳಲಿಲ್ಲ. ಹದಿನೇಳು ಮತದಿಂದ ಸೋತೆ.


ಹಳೇ_ಸ್ಟ್ರಿಂಗರ್
ಮಂಗಳವಾರ, ಸಂಜೆ 7:02

ಅಕ್ಕಾ, ಇಂಥ ಪ್ರಶ್ನೆಗಳನ್ನು ನಾನೂ ಕೇಳಿದ್ದೇನೆ. ಯಾರಿಗೆ ಅಂತ ಈಗ ನೆನಪಿಲ್ಲ. ಅವರಿಗೆ ನೆನಪಿರುತ್ತದೆ.


ಶಹಾಪುರ_ಬೆಳಗಾವಿ
ಮಂಗಳವಾರ, ರಾತ್ರಿ 8:30

ನಮ್ಮ ಬೆಳಗಾವಿಯ ಪರಿಸ್ಥಿತಿ ಇನ್ನೂ ಮಜಾ ಇದೆ. ನಾನು ಬೆಳಿಗ್ಗೆ ಕನ್ನಡ ಪೇಪರ್, ಮರಾಠಿ ಪೇಪರ್ ಎರಡೂ ಓದುವವನು. ಮಹಾರಾಷ್ಟ್ರದ ಜೊತೆಗಿನ ಗಡಿ ವಿಷಯದಲ್ಲಿ ಒಬ್ಬನೇ ಅಭ್ಯರ್ಥಿ, ಒಂದೇ ದಿನ, ಎರಡು ಭಾಷೆಯಲ್ಲಿ ಎರಡು ಥರ ಕಾಣುತ್ತಾನೆ. ಕನ್ನಡದಲ್ಲಿ ‘ಮಹಾಜನ ವರದಿಯೇ ಅಂತಿಮ’. ಮರಾಠಿಯಲ್ಲಿ ‘ಕೇಸು ಸುಪ್ರೀಂ ಕೋರ್ಟಿನಲ್ಲಿದೆ, ಎಲ್ಲರ ಭಾವನೆಗೂ ಗೌರವ’. ಎರಡೂ ಸುಳ್ಳಲ್ಲ. ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಕೋರ್ಟಿಗೆ ಹೋದದ್ದು 2004ರಲ್ಲಿ. ಆದರೆ ಇಬ್ಬರೂ ವರದಿಗಾರರು ಒಂದೇ ಕೋಣೆಯಲ್ಲಿ ಕೂತು ಎರಡೂ ಕಟಿಂಗ್ ಟೇಬಲ್ ಮೇಲೆ ಇಟ್ಟು ‘ಸರ್, ಇದರಲ್ಲಿ ನಿಮ್ಮದು ಯಾವುದು’ ಅಂತ ಕೇಳಿದ್ದನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಇನ್ನು ಎಲ್ಲ ಅಭ್ಯರ್ಥಿಗಳನ್ನೂ ಕೇಳಬೇಕು ಅಂತ ನಿಯಮ ಮಾಡಿದರೆ ನಮ್ಮೂರಲ್ಲಿ ಕಷ್ಟ. 1996ರ ಲೋಕಸಭೆ ಚುನಾವಣೆಗೆ ಬೆಳಗಾವಿ ಕ್ಷೇತ್ರದಲ್ಲಿ ನಿಂತವರು 456 ಜನ! ಗಡಿ ವಿಷಯದ ಪ್ರತಿಭಟನೆಗಾಗಿ ಸಾಲುಗಟ್ಟಿ ನಾಮಪತ್ರ ಹಾಕಿದ್ದರು. ಆಗ ಠೇವಣಿ ಬರೀ 500 ರೂಪಾಯಿ. ಅದೇ ವರ್ಷ ಅದನ್ನು 10,000ಕ್ಕೆ ಏರಿಸಿದರು, ಈಗ 25,000. ಒಬ್ಬೊಬ್ಬರಿಗೆ ಹತ್ತು ನಿಮಿಷ ಕೊಟ್ಟರೂ ಮೂರು ದಿನ ಹಗಲು ರಾತ್ರಿ ಕೂರಬೇಕಿತ್ತು. ಚಹಾ ಕುಂದಾ ಖರ್ಚು ಯಾರು ಕೊಡಬೇಕು?


ಚಹಾ_ಚುರುಮುರಿ
ಮಂಗಳವಾರ, ರಾತ್ರಿ 8:33

ಕುಂದಾ ಇದ್ದರೆ ನಾನೇ ಕೂರುತ್ತೇನೆ ಮೂರು ದಿನ.


ವಕೀಲ_ಇಂಡಿ
ಮಂಗಳವಾರ, ರಾತ್ರಿ 9:50

ಒಂದು ಉಪಯೋಗದ ಮಾತು. ಎರಡನೇ ಪ್ರಶ್ನೆ ಎಲ್ಲಿಂದ ತರಬೇಕು ಅಂತ ತಲೆ ಕೆಡಿಸಿಕೊಳ್ಳುವವರಿಗೆ, ಅಭ್ಯರ್ಥಿಯೇ ಅದನ್ನು ಬರೆದು ಸಹಿ ಮಾಡಿ ಕೊಟ್ಟಿರುತ್ತಾನೆ. ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ, ಎಲ್ಲರೂ ಅಫಿಡವಿಟ್ ಅನ್ನುತ್ತೇವಲ್ಲ, ಅದು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಅದಕ್ಕೂ ಮುಂಚೆ ನಮ್ಮ ಅಭ್ಯರ್ಥಿಯ ಮೇಲೆ ಕೇಸು ಇದೆಯಾ, ಆಸ್ತಿ ಎಷ್ಟು ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಅದರಲ್ಲಿ ಬಾಕಿ ಇರುವ ಕೇಸುಗಳು ಇರುತ್ತವೆ. ತನ್ನ, ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿ, ಸಾಲ ಇರುತ್ತದೆ. ಐದು ವರ್ಷದ ಆದಾಯ ತೆರಿಗೆ ರಿಟರ್ನಿನ ಆದಾಯ ಇರುತ್ತದೆ. ಸರ್ಕಾರಕ್ಕೆ ಬಾಕಿ ಇದ್ದರೆ ಅದೂ ಇರಬೇಕು. ಕಾಲಂ ಖಾಲಿ ಬಿಡುವ ಹಾಗಿಲ್ಲ, 2013ರಲ್ಲಿ ಕೋರ್ಟ್ ಅದನ್ನೂ ಹೇಳಿದೆ. ಸುಳ್ಳು ಬರೆದರೆ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಖರ್ಚಿಲ್ಲ.

ಒಬ್ಬನೇ ಅಭ್ಯರ್ಥಿಯ 2018ರ ಪ್ರತಿ, 2023ರ ಪ್ರತಿ ಅಕ್ಕಪಕ್ಕ ಇಟ್ಟುಕೊಂಡು ಕೂತರೆ ಪ್ರಶ್ನೆಗಳು ತಾವೇ ಏಳುತ್ತವೆ. ಐದು ವರ್ಷದ ಆದಾಯ ಇಷ್ಟು, ಅದೇ ಐದು ವರ್ಷದಲ್ಲಿ ಬಂದ ಜಮೀನು ಅಷ್ಟು. ಸರ್, ನಡುವಿನ ದುಡ್ಡು ಎಲ್ಲಿಂದ ಬಂತು? ಸಾಲ ಅಂದರೆ ಸಾಲದ ಕಾಲಂ ತೋರಿಸಬಹುದು. ಮಾವ ಕೊಟ್ಟರು ಅಂದರೆ ಅದೂ ಎಲ್ಲೋ ಬರೆದಿರಬೇಕು. ಇಲ್ಲಿ ‘ಹಂತ ಹಂತವಾಗಿ’ ಅನ್ನಲು ಬರುವುದಿಲ್ಲ.

ಕಾರ್ಯಕರ್ತ ಅಣ್ಣ ಹೇಳಿದ ‘ಪತ್ರಕರ್ತರನ್ನು ಯಾರು ಆರಿಸಿದರು’ ಅನ್ನುವುದಕ್ಕೆ: ಯಾರೂ ಆರಿಸಿಲ್ಲ, ನಿಜ. ಆದರೆ ಆರಿಸಿ ಬಂದವರ ಕೈಯಲ್ಲಿ ಎಷ್ಟು ಬಲ ಇದೆ ನೋಡಿ. 2017ರಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿ ಅಂತ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, ಹತ್ತು ಸಾವಿರ ದಂಡ ವಿಧಿಸಿತ್ತು. ದೂರು ಕೊಟ್ಟವರೂ ಶಾಸಕರು, ತೀರ್ಮಾನ ಮಾಡಿದವರೂ ಶಾಸಕರು. ಹಾಗಾಗಿ ಏನೇ ಕೇಳುವುದಿದ್ದರೂ ಕೈ ಮುಗಿದುಕೊಂಡು ನಮ್ಮ ಓಣಿಗೆ ಬರುವ ಆ ಹದಿನೈದು ದಿನದಲ್ಲೇ ಕೇಳಬೇಕು.


ಕಾರ್ಯಕರ್ತ_ಮುಧೋಳ
ಮಂಗಳವಾರ, ರಾತ್ರಿ 10:20

ವಕೀಲರೇ, ಎಲ್ಲ ಪಕ್ಷದವರ ಅಫಿಡವಿಟ್ಟೂ ತೆಗೆಯುತ್ತೀರಿ ಅಂದರೆ ನಾನೂ ಬರುತ್ತೇನೆ. ಒಬ್ಬರದ್ದೇ ತೆಗೆದರೆ ಬರಲ್ಲ. ನಮ್ಮವರದ್ದೂ ತೆಗೆಯಿರಿ. ನನಗೂ ಸ್ವಲ್ಪ ನೋಡುವುದಿದೆ.


ಕಬ್ಬಿನ_ಬಿಲ್
ಮಂಗಳವಾರ, ರಾತ್ರಿ 10:26

ಏನು ನೋಡುವುದಿದೆ?


ಕಾರ್ಯಕರ್ತ_ಮುಧೋಳ
ಮಂಗಳವಾರ, ರಾತ್ರಿ 10:31

ಅದನ್ನು ಇಲ್ಲಿ ಬರೆಯಲ್ಲ.


ಪ್ರಿಂಟರ್_ನವನಗರ
ಶುಕ್ರವಾರ, ಸಂಜೆ 5:15

ಮೂರು ದಿನ ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು, ಬರೆಯಲಾಗಲಿಲ್ಲ. ಲಗ್ನದ ಸೀಸನ್.

ಇವತ್ತು ಒಂದು ಜೋಡಿ ಲಗ್ನಪತ್ರಿಕೆ ಮಾಡಿಸಲು ಬಂದರು. ವರನ ಮುಖ ಎಲ್ಲೋ ನೋಡಿದ ಹಾಗಿತ್ತು. ಹೆಸರು ಬರೆದುಕೊಳ್ಳುವಾಗ ನೆನಪಾಯಿತು. ಅದೇ ಹುಡುಗ! ಹಿಂದಿನ ಸಾಲಿನವನು. ಈಗ ಪತ್ರಿಕೆ ಬಿಟ್ಟಿದ್ದಾನೆ, ಒಂದು ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ. ‘ಅಲ್ಲೂ ಎರಡನೇ ಸಲ ಕೇಳೋದೇ ಕೆಲಸ ಅಣ್ಣಾ’ ಅಂತ ನಕ್ಕ.

ನಾನು ಕೇಳಿದೆ, ‘ಅವತ್ತು ಎಷ್ಟು ಜನ ಅಂತ ಕೇಳಿದ್ಯಲ್ಲ, ಉತ್ತರ ಆಮೇಲಾದರೂ ಸಿಕ್ಕಿತಾ?’

ಸಂಖ್ಯೆ ಅವನ ಹತ್ತಿರ ಮೊದಲೇ ಇತ್ತಂತೆ. ಆರ್‌ಟಿಐ ಅರ್ಜಿ ಹಾಕಿ ತರಿಸಿದ್ದ. ಅವತ್ತು ಆ ಪತ್ರ ಅಂಗಿಯ ಕಿಸೆಯಲ್ಲೇ ಇತ್ತಂತೆ. ‘ಹಾಗಾದರೆ ಯಾಕೋ ಕೇಳಿದೆ?’ ಅಂದೆ. ‘ಅವರ ಬಾಯಿಂದ ಬರಲಿ ಅಂತ’ ಅಂದ. ಯಾಕೆ ಪತ್ರ ತೆಗೆದು ಓದಲಿಲ್ಲ ಅಂದರೆ, ಎಲ್ಲರೂ ನಕ್ಕಾಗ ಕೈ ಕಿಸೆಗೆ ಹೋಗಲೇ ಇಲ್ಲವಂತೆ.

ಈಗ ಆಲಮಟ್ಟಿ ಎತ್ತರ 519.60ರಿಂದ 524.256 ಮೀಟರ್ ಆಗುತ್ತದೆ ಅಂತ ಪ್ರತಿ ಚುನಾವಣೆಯಲ್ಲೂ ಎಲ್ಲರೂ ಹೇಳುತ್ತಾರಲ್ಲ. ಕೃಷ್ಣಾ ನೀರಿನ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ನೀರು ಇನ್ನೂ ನಾಲ್ಕೂವರೆ ಮೀಟರ್ ಮೇಲೆ ಬಂದರೆ ಮತ್ತೆ ಹೊಸ ಸಂತ್ರಸ್ತರು, ಮತ್ತೆ ಹಕ್ಕುಪತ್ರ, ಮತ್ತೆ ‘ಹಂತ ಹಂತವಾಗಿ’. ಹಾಗಾಗಿ ಆ ಪತ್ರ ಹಳೆಯದಾದರೂ ಕೆಲಸಕ್ಕೆ ಬರುತ್ತದೆ ಅನ್ನಿಸಿತು. ಝೆರಾಕ್ಸ್ ಕೊಡ್ತೀಯಾ ಅಂತ ಕೇಳಿದ್ದೇನೆ. ಲಗ್ನ ಮುಗಿಯಲಿ ಅಂದಿದ್ದಾನೆ.


ಹುನಗುಂದದಾಕೆ
ಶುಕ್ರವಾರ, ಸಂಜೆ 6:00

ಆ ತಮ್ಮನ ಲಗ್ನಪತ್ರಿಕೆಗೆ ದುಡ್ಡು ತಗೋಬೇಡಿ.


ಪ್ರಿಂಟರ್_ನವನಗರ
ಶುಕ್ರವಾರ, ಸಂಜೆ 6:04

ಕಾಗದದ ದುಡ್ಡು ಮಾತ್ರ ತಗೊಂಡೆ ಅಕ್ಕಾ. ಆ ಅಭ್ಯರ್ಥಿಯ ಬಿಲ್ ಬಂದರೆ ಅದನ್ನೂ ವಾಪಸ್ ಕೊಡುತ್ತೇನೆ.


ಹಳೇ_ಸ್ಟ್ರಿಂಗರ್
ಶುಕ್ರವಾರ, ರಾತ್ರಿ 11:40

ನಾನು ಹೇಳಿದ ರಸ್ತೆ ಕಾಮಗಾರಿಯ ಅಳತೆ ಪುಸ್ತಕದ ಝೆರಾಕ್ಸ್ ನನ್ನ ಹತ್ತಿರವೂ ಇತ್ತು. ಎಸೆದಿದ್ದೇನೆ ಅಂದುಕೊಂಡಿದ್ದೆ. ಈಗ ಅಂಗಡಿಯ ಅಟ್ಟ ಹತ್ತಿ ನೋಡಿದೆ. ಯೂರಿಯಾ ಚೀಲದಲ್ಲಿ ಸುತ್ತಿಟ್ಟಿದ್ದೇನೆ, ಒಂದು ಮೂಲೆ ಇಲಿ ತಿಂದಿದೆ. ಅಂಕಿಗಳು ಓದಲು ಬರುತ್ತವೆ. ವಕೀಲರೇ, ನಾಳೆ ಎಷ್ಟು ಹೊತ್ತಿಗೆ ಫೋನ್ ಮಾಡಲಿ?